ಮಲ್ಟಿಮೀಟರ್‌ನಿಂದ ರೀಡಿಂಗ್ ಎಳೆಯೋದು: ಎರಡು ಕೇಬಲ್, ಒಂದು ಹವಾಯಿ ಚಪ್ಪಲಿ

ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮ ತೋಟದ ಸೋಲಾರ್ ಬೇಲಿ ಬೆಳಗಿನ ಜಾವ ಸತ್ತು ಹೋಗುತ್ತಿತ್ತು. ಆನೆಗೆ ಅದು ಹೇಗೆ ಗೊತ್ತಾಗುತ್ತದೋ, ಸರಿಯಾಗಿ ಅದೇ ಹೊತ್ತಿಗೆ ಬರುತ್ತದೆ. ಬ್ಯಾಟರಿ ಸಂಜೆ 12.6 ವೋಲ್ಟ್, ಬೆಳಿಗ್ಗೆ 11.6. ನಡುವೆ ಏನಾಗುತ್ತಿದೆ ಅಂತ ನೋಡಲು ರಾತ್ರಿಯಿಡೀ ಟಾರ್ಚ್ ಹಿಡಿದು ಶೆಡ್‌ನಲ್ಲಿ ಕೂರೋಕಾಗಲ್ಲ ಅಲ್ವಾ?

ಮೀಟರೇ ರೀಡಿಂಗ್ ಕಳಿಸಿ, ಅದನ್ನು ಬರೆದಿಡುವ ದಾರಿ ಬೇಕಿತ್ತು. ನನ್ನ ಹತ್ತಿರ ಇರುವುದು ಯುಟಿ 61ಇ ಅನ್ನುವ ಮಲ್ಟಿಮೀಟರ್. ಬೆನ್ನಲ್ಲಿ ಒಂದು ಇನ್‌ಫ್ರಾರೆಡ್ ಎಲ್‌ಇಡಿ ಇದೆ, ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸಲ ರೀಡಿಂಗನ್ನು 14 ಬೈಟ್ ಆಗಿ ಮಿನುಗಿಸುತ್ತದೆ. ತಂತಿ ಇಲ್ಲ, ಬರೀ ಬೆಳಕು. ಹಾಗಾಗಿ ಮೀಟರ್ ಯಾವ ಲೈನಿಗೆ ತಗುಲಿದ್ದರೂ ಆ ವೋಲ್ಟೇಜ್ ಕಂಪ್ಯೂಟರಿಗೆ ದಾಟುವುದಿಲ್ಲ.

ಆ ಬೆಳಕನ್ನು ಓದಲು ಮೊದಲು ಹಳೇ ಆರ್‌ಎಸ್ 232 ಕೇಬಲ್, ಅಂದರೆ ಹಿಂದಿನ ಕಂಪ್ಯೂಟರುಗಳ ಸೀರಿಯಲ್ ಪೋರ್ಟಿನದು. ಈಗಿನ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟ್ ಎಲ್ಲಿದೆ, ಅದಕ್ಕೊಂದು ಯುಎಸ್‌ಬಿ ಕನ್ವರ್ಟರ್ ತಂದೆ. ಸ್ಪೀಡ್ 19200, 7 ಬಿಟ್, ಆಡ್ ಪ್ಯಾರಿಟಿ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್), ಎಲ್ಲ ಸರಿ ಹಾಕಿದರೂ ಒಂದಕ್ಷರ ಬರಲಿಲ್ಲ. ಇಡೀ ಸಂಜೆ ಹೋಯಿತು. ಕೊನೆಗೆ ಗೊತ್ತಾಯಿತು, ಕೇಬಲ್ ತಲೆಯೊಳಗಿನ ಸರ್ಕ್ಯೂಟಿಗೆ ಬೇರೆ ಪವರ್ ಇಲ್ಲ, ಅದು ಪೋರ್ಟಿನ ಡಿಟಿಆರ್ ಮತ್ತು ಆರ್‌ಟಿಎಸ್ ಅನ್ನುವ ಕಂಟ್ರೋಲ್ ಲೈನುಗಳಿಂದಲೇ ಕದಿಯುತ್ತದೆ. ಡಿಟಿಆರ್ ವೋಲ್ಟೇಜ್ ಮೇಲಿರಬೇಕು, ಆರ್‌ಟಿಎಸ್‌ನದು ಕೆಳಗಿರಬೇಕು. ನನ್ನ ಟರ್ಮಿನಲ್ ಪ್ರೋಗ್ರಾಂ ಎರಡನ್ನೂ ಮೇಲೆತ್ತಿ ಕೂತಿತ್ತು! ಅದನ್ನು ಸರಿಮಾಡಿದ ಮೇಲೆ ಒಂದು ದಿನವೂ ಕೈಕೊಟ್ಟಿಲ್ಲ.

ಆಮೇಲೆ ಯುಎಸ್‌ಬಿ ಕೇಬಲ್. ಚುಚ್ಚಿದರೆ ಆಯಿತು, ಡ್ರೈವರ್ ಬೇಡ. ಆದರೆ ಇದು ಸೀರಿಯಲ್ ಪೋರ್ಟ್ ಆಗಿ ಕಾಣುವುದಿಲ್ಲ, ಕೀಬೋರ್ಡ್ ಮೌಸ್ ಜಾತಿಗೆ ಸೇರಿದ ಎಚ್‌ಐಡಿ ಸಾಧನ. 8 ಬೈಟಿನ ಪೊಟ್ಟಣ ಕಳಿಸುತ್ತದೆ, ಮೊದಲ ಬೈಟ್ ಎಫ್0 ಆದರೆ ಒಳಗೆ ಖಾಲಿ, ಎಫ್1 ಆದರೆ ಒಂದು ಬೈಟ್ ಇದೆ ಅಂತ. ಸಿಗ್ರಾಕ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಇದೆಲ್ಲ ಅದೇ ನೋಡಿಕೊಳ್ಳುತ್ತದೆ. ನನ್ನ ಲಿನಕ್ಸ್‌ನಲ್ಲಿ ಸ್ವಲ್ಪ ಹೊತ್ತಿಗೆ ರೀಡಿಂಗ್ ನಿಂತುಹೋಗುತ್ತಿತ್ತು, ಕರೆಂಟ್ ಉಳಿಸಲು ಪೋರ್ಟನ್ನು ಮಲಗಿಸುವ ಯುಎಸ್‌ಬಿ ಆಟೋಸಸ್ಪೆಂಡ್ ಆಫ್ ಮಾಡಿದ ಮೇಲೆ ಸರಿಹೋಯಿತು. ಟೇಬಲ್ ಮೇಲಿನ ಕೆಲಸಕ್ಕೆ ಇದೇ ಸಾಕು.

ಆದರೆ ನನ್ನ ಕೆಲಸ ಟೇಬಲ್ ಮೇಲೆ ಅಲ್ಲ. ನೀರು ತೊಟ್ಟಿಕ್ಕುವ, ಕರೆಂಟಿಲ್ಲದ ಶೆಡ್‌ನಲ್ಲಿ ರಾತ್ರಿ ಲ್ಯಾಪ್‌ಟಾಪ್ ಇಡುವ ಧೈರ್ಯ ನನಗಿಲ್ಲ.

ಹಾಗಾಗಿ ಮೂರನೆಯದು, ಮನೆಯಲ್ಲೇ ಮಾಡಿದ್ದು: ಬೆಳಕು ಹಿಡಿಯುವ ಒಂದು ಫೋಟೋಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಇಎಸ್‌ಪಿ 32 ಅನ್ನುವ ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್, ರೀಡಿಂಗ್ ಬರೆದಿಡಲು ಎಸ್‌ಡಿ ಕಾರ್ಡ್. ಟ್ರಾನ್ಸಿಸ್ಟರ್ ಕೂರಿಸಲು ಹಳೇ ಹವಾಯಿ ಚಪ್ಪಲಿಯ ಅಟ್ಟೆಯಿಂದ ಒಂದು ತುಂಡು ಕೊಯ್ದು, ಮೀಟರಿನ ಬೆನ್ನಿನ ಗುಳಿಗೆ ಬಿಗಿಯಾಗಿ ಕೂರುವ ಹಾಗೆ ಬ್ಲೇಡಿನಲ್ಲಿ ಕೆತ್ತಿದೆ, ಮೇಲೆ ಕಪ್ಪು ಟೇಪು. ಟೇಪು ಇಲ್ಲದಿದ್ದರೆ ಹಗಲಿನ ಬೆಳಕಿಗೇ ಕಸ ಬರುತ್ತದೆ. ಮೊದಲು 47 ಕಿಲೋಓಮ್ ರೆಸಿಸ್ಟರ್ ಹಾಕಿದ್ದೆ. ಅಷ್ಟು ದೊಡ್ಡದಾದರೆ ಟ್ರಾನ್ಸಿಸ್ಟರ್ ನಿಧಾನ, ಬಿಟ್‌ಗಳು ಒಂದರ ಮೇಲೊಂದು ಬೀಳುತ್ತವೆ. 4.7ಕ್ಕೆ ಇಳಿಸಿದೆ, ಅಂಕಿ ನೆಟ್ಟಗಾದವು. ನಾನು ಜೋಡಿಸಿದ ರೀತಿಗೆ ಸಿಗ್ನಲ್ ಬೇರೆ ಉಲ್ಟಾ ಇತ್ತು, ಕೋಡಿನಲ್ಲಿ ಇನ್ವರ್ಟ್ ಅಂತ ಹಾಕಿದರೆ ಮುಗಿಯಿತು. ಪ್ಯಾರಿಟಿ ತಲೆನೋವು ಬೇಡ ಅಂದರೆ ಮಾಮೂಲಿ 8 ಬಿಟ್ ಆಗಿ, ಪ್ಯಾರಿಟಿ ಇಲ್ಲದೆ ಓದಿ ಮೇಲಿನ ಬಿಟ್ ಬಿಸಾಕಿ, ಒಟ್ಟು ಉದ್ದ ಒಂದೇ.

ಇದಕ್ಕೂ ಒಂದು ಕಾಟ ಇದೆ. ವೈಫೈ ಆಫ್ ಮಾಡಿದರೆ ಬೋರ್ಡ್ ಎಷ್ಟು ಕಡಿಮೆ ಕರೆಂಟ್ ಎಳೆಯುತ್ತದೆ ಅಂದರೆ, ಅದಕ್ಕೆ ಕರೆಂಟ್ ಕೊಡುವ ಪವರ್ ಬ್ಯಾಂಕ್ ಏನೂ ಸಿಕ್ಕಿಸಿಲ್ಲ ಅಂದುಕೊಂಡು ತಾನೇ ಆಫ್ ಆಗುತ್ತದೆ. ಸುಮ್ನೆ ವೈಫೈ ಆನ್ ಇಟ್ಟೆ. ಬೇಲಿ ಬ್ಯಾಟರಿಯಿಂದಲೇ ಕೊಡಬಹುದಿತ್ತು, ಆದರೆ ಅಳೆಯುವ ಬ್ಯಾಟರಿಯನ್ನೇ ಕುಡಿಯುತ್ತಾ ಕೂತರೆ ಏನು ಲೆಕ್ಕ ಸಿಗುತ್ತದೆ?

ಮೂರನೇ ರಾತ್ರಿ ಪೂರ್ತಿ ಗ್ರಾಫ್ ಸಿಕ್ಕಿತು. ರಾತ್ರಿ ಒಂದು ಗಂಟೆಯವರೆಗೆ ನಿಧಾನವಾಗಿ ಇಳಿದ ವೋಲ್ಟೇಜ್, ಆಮೇಲೆ ಅರ್ಧ ಗಂಟೆಯಲ್ಲಿ ದಬಕ್ಕನೆ ಬಿದ್ದಿತ್ತು. ಅಂದರೆ ಬ್ಯಾಟರಿಗೇ ವಯಸ್ಸಾಗಿತ್ತು, ಚಾರ್ಜ್ ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ. ನಾನೋ, ಮಳೆಗೆ ಬೇಲಿ ತಂತಿ ಎಲ್ಲೋ ಸೋರುತ್ತಿದೆ ಅಂತ ಕಾಡುಗಿಡ ಸವರಿಸಿ ಎರಡು ಆಳಿನ ಕೂಲಿ ಕೊಟ್ಟಿದ್ದೆ.

ಗೋಣಿಕೊಪ್ಪದಿಂದ ಹೊಸ ಬ್ಯಾಟರಿ ತಂದು ಹಾಕಿದೆ. ಚಪ್ಪಲಿ ತುಂಡು ಇನ್ನೂ ಶೆಡ್‌ನಲ್ಲೇ ಇದೆ. ಮೀಟರ್ ಮಾತ್ರ ಬೆಳಿಗ್ಗೆ ಮನೆಗೆ ಬರುತ್ತದೆ, ಮಿಕ್ಸಿ ರಿಪೇರಿಗೆ ಬೇಕಲ್ಲ.