ಮಚಾಮೆ ದಾರಿಯ ಏಳು ದಿನ: ಮೋಶಿಯ ಒಂದು ಚಾರಣ ಸಂಸ್ಥೆಯ ಸೇವೆಯ ಬಗ್ಗೆ

ಕಿಲಿಮಂಜಾರೊ ಪರ್ವತವನ್ನು ಯಾರೂ ತಮ್ಮಷ್ಟಕ್ಕೆ ತಾವೇ ಏರುವಂತಿಲ್ಲ. ತಾಂಜಾನಿಯಾದ ರಾಷ್ಟ್ರೀಯ ಉದ್ಯಾನದ ನಿಯಮದ ಪ್ರಕಾರ ಪರವಾನಗಿ ಪಡೆದ ಮಾರ್ಗದರ್ಶಿ ಜೊತೆಗಿರಲೇಬೇಕು. ಹೀಗಾಗಿ 5,895 ಮೀಟರ್ ಎತ್ತರದ ಉಹುರು ಶಿಖರಕ್ಕೆ ಹೊರಡುವವರ ಸಿದ್ಧತೆ ಸಂಸ್ಥೆಯ ಆಯ್ಕೆಯಿಂದಲೇ ಆರಂಭವಾಗುತ್ತದೆ. ಕಳೆದ ಸೆಪ್ಟೆಂಬರ್‌ನಲ್ಲಿ ನಾನು ಮತ್ತು ನನ್ನ ತಮ್ಮ ಮೈಸೂರಿನಿಂದ ಹೋಗಿ ಮಚಾಮೆ ಮಾರ್ಗದಲ್ಲಿ ಏಳು ದಿನಗಳ ಚಾರಣ ಮುಗಿಸಿ ಬಂದೆವು. ನನಗೆ 51 ವರ್ಷ, ಅವನಿಗೆ 46. ಹೊರಡುವ ಐದು ತಿಂಗಳ ಮೊದಲಿನಿಂದ ಹಿಂದಿರುಗುವ ದಿನದವರೆಗೆ ಮೋಶಿ ಪಟ್ಟಣದ ಒಂದು ಸಣ್ಣ ಸಂಸ್ಥೆ ನಮಗೆ ಒದಗಿಸಿದ ಸೇವೆಯನ್ನು ಇಲ್ಲಿ ವಿಮರ್ಶಿಸಿದ್ದೇನೆ. ಒಳ್ಳೆಯದರ ಜೊತೆಗೆ ಕೊರತೆಗಳನ್ನೂ ಬರೆಯಬೇಕಾಗಿರುವುದರಿಂದ ಸಂಸ್ಥೆಯ ಹೆಸರನ್ನು ಕಾಣಿಸಿಲ್ಲ. ಬೇರೆ ಯಾವ ಸಂಸ್ಥೆಯನ್ನು ಆರಿಸುವವರಿಗೂ ಏನನ್ನು ಕೇಳಬೇಕು, ಏನನ್ನು ನಿರೀಕ್ಷಿಸಬೇಕು ಎಂಬುದು ಇದರಿಂದ ತಿಳಿದರೆ ಸಾಕು.

ನಾವು ಮೊದಲು ಕೇಳಿದ್ದು ಆರು ದಿನಗಳ ಕಾರ್ಯಕ್ರಮವನ್ನು. ರಜೆ ಕಡಿಮೆಯಿತ್ತು, ಹಣವೂ ಉಳಿಯುತ್ತದೆ ಎಂಬ ಲೆಕ್ಕವಿತ್ತು. ಮರುದಿನವೇ ಬಂದ ಉತ್ತರದಲ್ಲಿ, ಮೊದಲ ಬಾರಿಗೆ ಈ ಎತ್ತರಕ್ಕೆ ಬರುವವರಿಗೆ ಮಚಾಮೆ ಮಾರ್ಗವನ್ನು ಆರು ದಿನಗಳಲ್ಲಿ ಮಾಡಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರು. ಆರು ದಿನಗಳವರು ಬರಾಂಕೊ ಶಿಬಿರದಿಂದ ನೇರವಾಗಿ ಬರಾಫು ಶಿಬಿರಕ್ಕೆ ನಡೆದು, ಕೆಲವೇ ಗಂಟೆ ಮಲಗಿ, ಅದೇ ಮಧ್ಯರಾತ್ರಿ ಶಿಖರಕ್ಕೆ ಹೊರಡುತ್ತಾರೆ. ಏಳು ದಿನಗಳವರು ನಡುವೆ ಕರಂಗಾ ಶಿಬಿರದಲ್ಲಿ ಒಂದು ರಾತ್ರಿ ತಂಗುತ್ತಾರೆ. ದೇಹ ತೆಳುಗಾಳಿಗೆ ಒಗ್ಗಿಕೊಳ್ಳಲು ಸಿಗುವ ಈ ಒಂದು ರಾತ್ರಿಯ ಬೆಲೆ ಎಷ್ಟೆಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಬಂದ ವ್ಯಾಪಾರ ಕೈತಪ್ಪಿದರೂ ಸರಿ, ತಪ್ಪು ಕಾರ್ಯಕ್ರಮವನ್ನು ಮಾರುವುದಿಲ್ಲ ಎಂಬ ಈ ನಿಲುವೇ ನಮ್ಮನ್ನು ಅವರ ಕಡೆಗೆ ಸೆಳೆದ ಮೊದಲ ಕಾರಣ.

ಎರಡನೆಯ ಕಾರಣ ಅವರು ಕಳುಹಿಸಿದ ಖರ್ಚಿನ ವಿವರ. ನಾವು ಹೋದಾಗ ಉದ್ಯಾನದ ಸಂರಕ್ಷಣಾ ಶುಲ್ಕ ದಿನಕ್ಕೆ 70 ಡಾಲರ್, ಶಿಬಿರದ ಶುಲ್ಕ ರಾತ್ರಿಗೆ 50 ಡಾಲರ್, ಅಪಾಯಕ್ಕೆ ಸಿಲುಕಿದವರನ್ನು ಪಾರುಮಾಡುವ ಸೇವೆಯ ಶುಲ್ಕ ಒಟ್ಟಾರೆ 20 ಡಾಲರ್ ಇತ್ತು. ಇದರ ಮೇಲೆ ಶೇಕಡಾ 18ರ ತೆರಿಗೆ. ಏಳು ದಿನ, ಆರು ರಾತ್ರಿಗಳಿಗೆ ಲೆಕ್ಕ ಹಾಕಿದರೆ ತಲಾ ಸುಮಾರು 950 ಡಾಲರ್ ನೇರವಾಗಿ ಉದ್ಯಾನಕ್ಕೇ ಹೋಗುತ್ತದೆ. ಈ ಮೊತ್ತವನ್ನು ಯಾವ ಸಂಸ್ಥೆಯೂ ಕಡಿಮೆ ಮಾಡಲಾರದು. ಉಳಿದ ಹಣದಲ್ಲಿ ಮಾರ್ಗದರ್ಶಿಗಳ, ಅಡುಗೆಯವರ, ಹೊರೆ ಹೊರುವವರ ಕೂಲಿ, ಎಲ್ಲರ ಊಟ, ಟೆಂಟು, ಸಾರಿಗೆ ಎಲ್ಲವೂ ನಡೆಯಬೇಕು. ಹಾಗಾದರೆ 1,300 ಡಾಲರ್‌ಗೆ ಕರೆದುಕೊಂಡು ಹೋಗುತ್ತೇವೆ ಎನ್ನುವವರು ಉಳಿಸುವುದು ಎಲ್ಲಿ? ಹೊರೆಯಾಳಿನ ಕೂಲಿಯಲ್ಲಿ, ಅವನ ತಟ್ಟೆಯಲ್ಲಿ, ಅವನು ಮಲಗುವ ಟೆಂಟಿನಲ್ಲಿ. ಈ ಮಾತು ನನ್ನನ್ನು ಬಹಳ ಕಾಡಿತು. ಮೋಶಿಯಲ್ಲಿ ಕಿಲಿಮಂಜಾರೊ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಸೇವಾಸಂಸ್ಥೆಯಿದೆ. ಹೊರೆಯಾಳುಗಳಿಗೆ ನ್ಯಾಯವಾದ ಕೂಲಿ, ಊಟ, ಬೆಚ್ಚನೆಯ ಬಟ್ಟೆ ಸಿಗುತ್ತಿದೆಯೇ ಎಂದು ತನ್ನೊಂದಿಗೆ ಕೈಜೋಡಿಸಿದ ಕಂಪನಿಗಳ ಮೇಲೆ ಅದು ನಿಗಾ ಇಡುತ್ತದೆ. ನಾವು ಆರಿಸಿದ ಸಂಸ್ಥೆ ಆ ಪಟ್ಟಿಯಲ್ಲಿತ್ತು. ನಾವು ತಲಾ 2,250 ಡಾಲರ್ ಕೊಟ್ಟೆವು, ಅದು ಸರಿಯಾದ ಬೆಲೆಯೆಂದೇ ಈಗಲೂ ನನ್ನ ಅಭಿಪ್ರಾಯ.

ಇನ್ನು ಸಿದ್ಧತೆಯ ವಿಷಯ. ಮುಂಗಡ ಕಟ್ಟಿದ ವಾರದೊಳಗೆ ಹನ್ನೆರಡು ಪುಟಗಳ ಕೈಪಿಡಿಯೊಂದು ಬಂತು. ಅದರ ಅತ್ಯುತ್ತಮ ಭಾಗವೆಂದರೆ ದೈಹಿಕ ಅಭ್ಯಾಸದ ಅಧ್ಯಾಯ. ವೇಗವಾಗಿ ಓಡುವ ಅಭ್ಯಾಸಕ್ಕೆ ಅಲ್ಲಿ ಹೆಚ್ಚಿನ ಮಹತ್ವವಿರಲಿಲ್ಲ. ವಾರಕ್ಕೊಮ್ಮೆ ಐದಾರು ಗಂಟೆ ನಿಲ್ಲದೆ ನಿಧಾನವಾಗಿ ನಡೆಯಿರಿ, ಬೆನ್ನ ಮೇಲೆ ಏಳೆಂಟು ಕಿಲೋ ಭಾರವಿರಲಿ, ಹತ್ತುವಷ್ಟೇ ಇಳಿಯುವುದನ್ನೂ ಅಭ್ಯಾಸ ಮಾಡಿ ಎಂದು ಹೇಳಿದ್ದರು. ಇಳಿಯುವ ಮಾತನ್ನು ಓದಿದಾಗ ಅದರ ತೂಕ ನನಗೆ ತಿಳಿದಿರಲಿಲ್ಲ. ಶಿಖರದ ದಿನ ಬರಾಫುವಿನಿಂದ ಸುಮಾರು 1,200 ಮೀಟರ್ ಹತ್ತಿದ ಮೇಲೆ ಅದೇ ದಿನ 3,100 ಮೀಟರ್ ಮಟ್ಟದಲ್ಲಿರುವ ಮ್ವೆಕಾ ಶಿಬಿರದವರೆಗೆ, ಅಂದರೆ ಹತ್ತಿರ ಹತ್ತಿರ 2,800 ಮೀಟರ್ ಇಳಿಯಬೇಕು. ಅಂದು ಮೊಣಕಾಲುಗಳನ್ನು ಕಾಪಾಡಿದ್ದು ನಮ್ಮ ಚಾಮುಂಡಿ ಬೆಟ್ಟದ ಮೆಟ್ಟಿಲುಗಳೇ. ನಾಲ್ಕು ತಿಂಗಳ ಕಾಲ ವಾರಕ್ಕೆ ಮೂರು ಬೆಳಿಗ್ಗೆ ಸಾವಿರದೆಂಟು ಮೆಟ್ಟಿಲು ಹತ್ತಿ, ಬಸ್ಸು ಹಿಡಿಯದೆ ಅದೇ ಮೆಟ್ಟಿಲುಗಳಲ್ಲಿ ಇಳಿದೆವು. ಎರಡು ಬಾರಿ ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತಕ್ಕೂ ಹೋಗಿಬಂದೆವು. ಕರ್ನಾಟಕದಲ್ಲಿ ಕಾಲಿಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೊಂದಿಲ್ಲವೆಂದು ನನ್ನ ನಂಬಿಕೆ.

ಆದರೆ ನಮ್ಮ ನಾಡಿನ ಯಾವ ಬೆಟ್ಟವೂ ಎತ್ತರಕ್ಕೆ ಒಗ್ಗಿಸಲಾರದು, ಮತ್ತು ಇದನ್ನು ಸಂಸ್ಥೆಯವರು ಮುಚ್ಚಿಡಲಿಲ್ಲ. ನಮ್ಮಲ್ಲಿ ಅತಿ ಎತ್ತರದ್ದಾದ ಮುಳ್ಳಯ್ಯನಗಿರಿ 1,930 ಮೀಟರ್. ಮಚಾಮೆ ದ್ವಾರದಲ್ಲಿ ನಡಿಗೆ ಆರಂಭವಾಗುವುದೇ ಸುಮಾರು 1,800 ಮೀಟರ್‌ನಿಂದ. ನಮ್ಮ ಶಿಖರ ಮುಗಿಯುವಲ್ಲಿ ಅವರ ದಾರಿ ಶುರುವಾಗುತ್ತದೆ. ಉಹುರು ಶಿಖರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಮ್ಯಾರಥಾನ್ ಓಡುವವರಿಗೂ ತಲೆನೋವು, ವಾಂತಿ ಬರಬಹುದು. ಮಿದುಳಿನಲ್ಲೋ ಶ್ವಾಸಕೋಶದಲ್ಲೋ ನೀರು ತುಂಬಿಕೊಂಡರೆ ಕೂಡಲೇ ಕೆಳಗಿಳಿಸದಿದ್ದಲ್ಲಿ ಪ್ರಾಣಕ್ಕೇ ಅಪಾಯ. ಕೈಪಿಡಿಯಲ್ಲಿ ಈ ಲಕ್ಷಣಗಳನ್ನು ಸರಳವಾಗಿ ವಿವರಿಸಿ, ಆರೋಗ್ಯದ ನಮೂನೆಯೊಂದನ್ನು ತುಂಬಿಸಿಕೊಂಡರು. ನನಗೆ ರಕ್ತದೊತ್ತಡದ ಮಾತ್ರೆ ನಡೆಯುತ್ತಿರುವುದನ್ನು ನೋಡಿ ವೈದ್ಯರ ಪತ್ರ ತರಲೇಬೇಕೆಂದರು. ಎತ್ತರದ ಕಾಯಿಲೆಯನ್ನು ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯ ವಿಷಯವನ್ನು ನಮ್ಮ ವೈದ್ಯರ ತೀರ್ಮಾನಕ್ಕೇ ಬಿಟ್ಟರು. ಸಲ್ಫಾ ಔಷಧಗಳು ಒಗ್ಗದವರು ಮೊದಲೇ ಹೇಳಬೇಕು, ಬೆರಳ ತುದಿಗಳಲ್ಲಿ ಜುಮುಜುಮು ಆಗಬಹುದು, ಮೂತ್ರ ಹೆಚ್ಚಾಗುತ್ತದೆ ಎಂಬ ಎಚ್ಚರಿಕೆಗಳನ್ನಷ್ಟೇ ಕೊಟ್ಟರು. ಹಳದಿ ಜ್ವರದ ಲಸಿಕೆಯನ್ನೂ ನೆನಪಿಸಿದರು. ಆ ರೋಗದ ಅಪಾಯವಿರುವ ದೇಶದ ನಿಲ್ದಾಣದಲ್ಲಿ ಹನ್ನೆರಡು ಗಂಟೆಗಿಂತ ಹೆಚ್ಚು ಕಾದು ಬರುವವರಿಂದ ತಾಂಜಾನಿಯಾ ಪ್ರಮಾಣಪತ್ರ ಕೇಳುತ್ತದೆ, ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರವೇ ಅದು ಊರ್ಜಿತವಾಗುತ್ತದೆ. ಅಡಿಸ್ ಅಬಾಬಾ ಮೂಲಕ ಹೋಗುವ ನಮಗೆ ಈ ಸಲಹೆ ಬಹಳ ಉಪಯುಕ್ತವಾಯಿತು.

ವಿಮೆಯ ವಿಷಯದಲ್ಲಿ ಮಾತ್ರ ಕೈಪಿಡಿ ಒಂದೇ ಸಾಲಿನಲ್ಲಿ ಮುಗಿಸಿತ್ತು. ನಾವು ಮೊದಲು ಕೊಂಡ ಪ್ರವಾಸ ವಿಮೆಯ ಷರತ್ತುಗಳನ್ನು ತಮ್ಮ ಕೂತು ಓದಿದಾಗ, ನಮ್ಮ ಚಾರಣದ ಎತ್ತರಕ್ಕೆ ಅದು ಅನ್ವಯಿಸುವುದಿಲ್ಲವೆಂದು ಗೊತ್ತಾಗಿ ಬೇರೆ ಪಾಲಿಸಿ ಮಾಡಿಸಬೇಕಾಯಿತು. ಆರು ಸಾವಿರ ಮೀಟರ್‌ವರೆಗಿನ ಚಾರಣ ಮತ್ತು ಹೆಲಿಕಾಪ್ಟರ್ ಸಾಗಣೆ ಎರಡೂ ಸೇರಿರಬೇಕೆಂದು ಸಂಸ್ಥೆಯೇ ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು.

ಸಾಮಾನಿನ ಪಟ್ಟಿ ಚೆನ್ನಾಗಿತ್ತು. ಒಳಗೆ ಬೆವರು ಹೀರುವ ಬಟ್ಟೆ, ಅದರ ಮೇಲೆ ಬೆಚ್ಚನೆಯದು, ಎಲ್ಲಕ್ಕಿಂತ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್ಟು. ಕನಿಷ್ಠ ಎರಡು ತಿಂಗಳು ಹಾಕಿ ಪಳಗಿಸಿದ ಬೂಟು. ಹೆಡ್‌ಲ್ಯಾಂಪ್ ಮತ್ತು ಹೆಚ್ಚಿನ ಬ್ಯಾಟರಿ. ಒಬ್ಬರಿಗೆ ಒಂದೇ ಡಫಲ್ ಬ್ಯಾಗು, ಅದೂ 15 ಕಿಲೋದೊಳಗೆ. ತಾಂಜಾನಿಯಾದಲ್ಲಿ 2019ರಿಂದ ಪ್ಲಾಸ್ಟಿಕ್ ಕೈಚೀಲಗಳು ನಿಷಿದ್ಧ, ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಗಳನ್ನು ಉದ್ಯಾನದೊಳಗೆ ಒಯ್ಯುವಂತಿಲ್ಲ ಎಂದೂ ತಿಳಿಸಿದ್ದರು. ಹೇಳದೆ ಬಿಟ್ಟ ಒಂದು ಮಾತು ನಮಗೆ ಕಷ್ಟ ಕೊಟ್ಟಿತು: ಶಿಖರದ ರಾತ್ರಿಯ ಚಳಿಯಲ್ಲಿ ನೀರಿನ ಚೀಲದ ಕೊಳವೆ ಹೆಪ್ಪುಗಟ್ಟುತ್ತದೆ. ಅರ್ಧ ದಾರಿಯಲ್ಲಿ ನನ್ನ ಕೊಳವೆಯಲ್ಲಿ ಹನಿ ನೀರೂ ಬರಲಿಲ್ಲ. ತಮ್ಮ ತನ್ನ ಬಾಟಲಿಯನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ತಲೆಕೆಳಗಾಗಿ ಇಟ್ಟಿದ್ದರಿಂದ, ಮೇಲೆ ಬಂದ ತಳದಲ್ಲಿ ಮಂಜುಗಡ್ಡೆ ಕಟ್ಟಿದರೂ ಬಾಯಿ ತೆರೆದೇ ಇತ್ತು. ಇಬ್ಬರೂ ಅದನ್ನೇ ಕುಡಿದೆವು.

ಬಾಡಿಗೆಗೆ ಪಡೆದ ಸ್ಲೀಪಿಂಗ್ ಬ್ಯಾಗ್ ಈ ಸೇವೆಯ ಅತ್ಯಂತ ದುರ್ಬಲ ಭಾಗ. ಮೈನಸ್ 15 ಡಿಗ್ರಿಗೆ ತಕ್ಕದ್ದು ಎಂದಿದ್ದರೂ ನನಗೆ ಸಿಕ್ಕಿದ್ದು ಹತ್ತಿ ಗಂಟುಗಂಟಾಗಿ ಒಂದೆಡೆ ಸೇರಿದ್ದ, ಜಿಪ್ಪು ಅರ್ಧಕ್ಕೆ ನಿಲ್ಲುವ ಹಳೆಯ ಚೀಲ. ಮೋಶಿಯ ಕಚೇರಿಯಲ್ಲಿ ಹೊರಡುವ ಹಿಂದಿನ ಸಂಜೆ ತರಾತುರಿಯಲ್ಲಿ ಸಾಮಾನು ಪರಿಶೀಲಿಸಿದ್ದರಿಂದ ಅದನ್ನು ಬಿಡಿಸಿ ನೋಡಿರಲಿಲ್ಲ. ಶಿರಾ ಶಿಬಿರದಲ್ಲಿ ರಾತ್ರಿಯೆಲ್ಲ ನಡುಗಿದೆ. ಬೆಳಿಗ್ಗೆ ಹೇಳಿದ ಕೂಡಲೇ ಮುಖ್ಯ ಮಾರ್ಗದರ್ಶಿ ತನ್ನದನ್ನೇ ನನಗೆ ಕೊಟ್ಟು, ನನ್ನ ಹಳೆಯ ಚೀಲವನ್ನು ತಾನು ತೆಗೆದುಕೊಂಡ. ಅವನ ಸೌಜನ್ಯಕ್ಕೆ ನಾನು ಋಣಿ, ಆದರೆ ಕಚೇರಿಯ ಅಜಾಗರೂಕತೆಯ ಭಾರವನ್ನು ಅವನು ಹೊರಬಾರದಿತ್ತು. ಬಾಡಿಗೆಗೆ ತೆಗೆದುಕೊಳ್ಳುವವರು ಚೀಲವನ್ನು ನೆಲದ ಮೇಲೆ ಹಾಸಿ, ಒಳಗೆ ಮಲಗಿ, ಜಿಪ್ಪು ಎಳೆದು ನೋಡಿಯೇ ಸಹಿ ಹಾಕಬೇಕು.

ಬೆಟ್ಟದ ಮೇಲಿನ ಸೇವೆಗೆ ನನ್ನಲ್ಲಿ ಹೊಗಳಿಕೆಯಲ್ಲದೆ ಬೇರೆ ಮಾತಿಲ್ಲ. ನಮ್ಮಿಬ್ಬರಿಗಾಗಿ ಇಬ್ಬರು ಮಾರ್ಗದರ್ಶಿಗಳು, ಒಬ್ಬ ಅಡುಗೆಯವ, ಎಂಟು ಮಂದಿ ಹೊರೆಯಾಳುಗಳು. ಒಬ್ಬರ ಹೊರೆ 20 ಕಿಲೋ ಮೀರಬಾರದೆಂಬ ನಿಯಮದಂತೆ ದ್ವಾರದಲ್ಲಿ ಪ್ರತಿಯೊಂದು ಮೂಟೆಯನ್ನೂ ತೂಗಿದರು. ಮುಖ್ಯ ಮಾರ್ಗದರ್ಶಿ ಮೊದಲ ಹೆಜ್ಜೆಯಿಂದಲೇ ‘ಪೋಲೆ ಪೋಲೆ’, ಅಂದರೆ ನಿಧಾನ ನಿಧಾನ, ಎನ್ನುತ್ತ ನಮ್ಮ ಮುಂದೆ ನಡೆದ. ದೇವರ ಉತ್ಸವದ ಪಲ್ಲಕ್ಕಿಯ ಹಿಂದೆ ನಡೆದಷ್ಟು ನಿಧಾನ. ಮೊದಲ ದಿನ ಕಾಡಿನಲ್ಲಿ ಅದು ಅಸಹನೆ ತರಿಸಿತು, ಮೂರನೆಯ ದಿನ ಅದರ ಅರ್ಥ ತಿಳಿಯಿತು. ಅಂದು ಸುಮಾರು 4,600 ಮೀಟರ್ ಎತ್ತರದಲ್ಲಿರುವ ಲಾವಾ ಟವರ್ ಎಂಬ ಬಂಡೆಯವರೆಗೆ ಹತ್ತಿಸಿ, ಅಲ್ಲಿ ಊಟ ಮಾಡಿಸಿ, ಮಲಗಲು ನಾಲ್ಕು ಸಾವಿರ ಮೀಟರ್‌ಗಿಂತ ಕೆಳಗಿರುವ ಬರಾಂಕೊಗೆ ಇಳಿಸುತ್ತಾರೆ. ಮೇಲೆ ಹತ್ತಿ ಕೆಳಗೆ ಮಲಗುವುದು ಎತ್ತರಕ್ಕೆ ಒಗ್ಗಿಕೊಳ್ಳುವ ಹಳೆಯ ಉಪಾಯ. ಲಾವಾ ಟವರ್‌ನಲ್ಲಿ ತಮ್ಮನಿಗೆ ತಲೆ ಸಿಡಿಯುವಂತಾಗಿ ಅನ್ನ ಸೇರಲಿಲ್ಲ. ಬರಾಂಕೊ ತಲುಪುವಷ್ಟರಲ್ಲಿ ನೋವು ತಾನಾಗಿ ಇಳಿಯಿತು. ಪ್ರತಿದಿನ ಬೆಳಿಗ್ಗೆ ಸಂಜೆ ಬೆರಳಿಗೆ ಆಕ್ಸಿಮೀಟರ್ ಹಾಕಿ ಅಂಕಿ ಬರೆದುಕೊಳ್ಳುತ್ತಿದ್ದರಾದರೂ ಮಾರ್ಗದರ್ಶಿ ಅದೊಂದನ್ನೇ ನಂಬುತ್ತಿರಲಿಲ್ಲ. ತಲೆನೋವು ಎಷ್ಟಿದೆ, ಹಸಿವಿದೆಯೇ, ನಿದ್ದೆ ಬಂತೇ, ನಡೆಯುವಾಗ ತೂಗಾಡುತ್ತಿದ್ದೀರಾ ಎಂದು ಕೇಳುತ್ತಿದ್ದ. ಕರಂಗಾದಲ್ಲಿ ತಂಗಿದ ರಾತ್ರಿ ತಮ್ಮ ಬಹಳ ದಿನಗಳ ನಂತರ ಚೆನ್ನಾಗಿ ನಿದ್ರಿಸಿದ. ಆ ದಿನವಿಲ್ಲದಿದ್ದರೆ ಅವನು ಬೆಳಗಿನ ಜಾವದಲ್ಲಿ ಜ್ವಾಲಾಮುಖಿಯ ಬಾಯಿಯ ಅಂಚಿನಲ್ಲಿರುವ ಸ್ಟೆಲ್ಲಾ ಪಾಯಿಂಟ್ ತಲುಪುತ್ತಿರಲಿಲ್ಲ, ಅಲ್ಲಿಂದ ಮುಂದೆ ಉಹುರುವಿಗೆ ನನ್ನ ಪಕ್ಕದಲ್ಲಿ ನಡೆಯುತ್ತಲೂ ಇರಲಿಲ್ಲ.

ಊಟ ಶುಚಿಯಾಗಿತ್ತು. ಸಸ್ಯಾಹಾರಿಗಳೆಂದು ಮೊದಲೇ ಹೇಳಿದ್ದರಿಂದ ಪ್ರತಿದಿನ ಬಿಸಿ ಸೂಪು, ಚಪಾತಿ, ತರಕಾರಿ ಸಾರು, ಅನ್ನ ಮಾಡುತ್ತಿದ್ದರು. ಬೇಳೆಕಾಳು ಮಾತ್ರ ಕಡಿಮೆ. ಬೆಳಿಗ್ಗೆ ಕೊಡುತ್ತಿದ್ದ ‘ಉಜಿ’ ಎಂಬ ಗಂಜಿಯನ್ನು ಕುಡಿದಾಗ ಮನೆಯ ನೆನಪಾಯಿತು. ಅದರಲ್ಲಿದ್ದದ್ದು ರಾಗಿಯೇ, ಅವರ ಮಾತಿನಲ್ಲಿ ‘ಉಲೆಜಿ’. ನಾವು ನಮ್ಮದೆಂದು ಎದೆಗಪ್ಪಿಕೊಂಡ ಈ ಧಾನ್ಯದ ತವರು ಪೂರ್ವ ಆಫ್ರಿಕಾದ ಎತ್ತರದ ನೆಲಗಳೇ ಎಂಬುದನ್ನು ಓದಿ ತಿಳಿದಿದ್ದೆ, ಆ ತವರಿನ ಚಳಿಯಲ್ಲಿ ಕೂತು ಕುಡಿದದ್ದು ಬೇರೆಯದೇ ಸಂತೋಷ. ನಾಲ್ಕು ಸಾವಿರ ಮೀಟರ್ ದಾಟಿದ ಮೇಲೆ ಹಸಿವು ಸತ್ತುಹೋಗುವುದರಿಂದ ಪರಿಚಿತ ರುಚಿ ಜೊತೆಗಿರುವುದು ಅಗತ್ಯ. ನಾವು ಒಯ್ದ ಹುರಿಹಿಟ್ಟು, ಕಡಲೆಕಾಯಿ ಚಿಕ್ಕಿ, ನಿಂಬೆ ಉಪ್ಪಿನಕಾಯಿ ಮತ್ತು ಚಟ್ನಿಪುಡಿ ಬರಾಫುವಿನಲ್ಲಿ ನಮ್ಮ ಹೊಟ್ಟೆಗೆ ಏನಾದರೂ ಹೋಗುವಂತೆ ಮಾಡಿದವು. ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ಪ್ರತ್ಯೇಕ ಶೌಚಾಲಯದ ಟೆಂಟಿಗೆ ಹೆಚ್ಚುವರಿ ಹಣ ಕೇಳುತ್ತಾರೆ, ಅದನ್ನು ಉಳಿಸಲು ಹೋಗಬೇಡಿ.

ಕೊನೆಯದಾಗಿ ಭಕ್ಷೀಸಿನ ವಿಷಯ. ಕಿಲಿಮಂಜಾರೊದಲ್ಲಿ ಇದು ಐಚ್ಛಿಕವೆಂದು ಹೇಳಿದರೂ ತಂಡದವರ ಸಂಪಾದನೆಯ ನಿಜವಾದ ಭಾಗ. ಯಾರಿಗೆ ದಿನಕ್ಕೆ ಎಷ್ಟು ಕೊಡುವುದು ವಾಡಿಕೆ ಎಂಬ ಕೋಷ್ಟಕವನ್ನು ಸಂಸ್ಥೆ ನಮಗೆ ಕೊಟ್ಟದ್ದು ಕೊನೆಯ ರಾತ್ರಿ ಮ್ವೆಕಾ ಶಿಬಿರದಲ್ಲಿ. ನಮ್ಮ ಬಳಿಯಿದ್ದ ಡಾಲರ್ ಸಾಲದಾಯಿತು. ಏಳು ದಿನ ನಮ್ಮ ಹೊರೆ ಹೊತ್ತವರ ಎದುರು ನಿಂತು ಎಣಿಸುವಾಗ ಕೈ ನಡುಗಿತು. ಮೋಶಿಗೆ ಬಂದ ಕೂಡಲೇ ಎಟಿಎಮ್‌ನಿಂದ ಶಿಲ್ಲಿಂಗ್ ತೆಗೆದು, ಕಚೇರಿಗೆ ಬಂದಿದ್ದವರಿಗೆ ಉಳಿದದ್ದನ್ನು ಕೈಯಲ್ಲೇ ಕೊಟ್ಟೆವು. ಆದರೆ ಇಬ್ಬರು ಹೊರೆಯಾಳುಗಳು ಮ್ವೆಕಾ ದ್ವಾರದಿಂದಲೇ ತಮ್ಮ ಹಳ್ಳಿಗೆ ಹೊರಟುಹೋಗಿದ್ದರು. ಅವರ ಪಾಲನ್ನು ಮುಖ್ಯ ಮಾರ್ಗದರ್ಶಿಗೆ ಒಪ್ಪಿಸಿ, ತಲುಪಿದ ಮೇಲೆ ತಿಳಿಸಬೇಕೆಂದು ಕೇಳಿಕೊಂಡೆ. ಮೈಸೂರಿಗೆ ಬಂದು ಸ್ಲೀಪಿಂಗ್ ಬ್ಯಾಗ್, ವಿಮೆ, ಭಕ್ಷೀಸು ಮೂರನ್ನೂ ವಿವರಿಸಿ ಸಂಸ್ಥೆಗೆ ಪತ್ರ ಬರೆದೆ. ನಾಲ್ಕನೆಯ ದಿನ ಉತ್ತರ ಬಂತು. ಚೀಲದ ಬಾಡಿಗೆಯನ್ನು ಹಿಂದಿರುಗಿಸಿದ್ದರು, ಭಕ್ಷೀಸಿನ ಕೋಷ್ಟಕವನ್ನು ಕೈಪಿಡಿಯ ಎರಡನೆಯ ಪುಟಕ್ಕೆ ಸೇರಿಸಿ ಹೊಸ ಪ್ರತಿಯನ್ನು ಲಗತ್ತಿಸಿದ್ದರು, ಆ ಇಬ್ಬರಿಗೂ ಹಣ ತಲುಪಿದೆಯೆಂದು ಮಾರ್ಗದರ್ಶಿ ಬರೆದ ಎರಡು ಸಾಲೂ ಅದರಲ್ಲಿತ್ತು. ವಿಮೆಯ ಭಾಗ ಮಾತ್ರ ಇನ್ನೂ ಒಂದೇ ಸಾಲಿನಲ್ಲಿದೆ.