‘ನಮ್ಮ ಮನೆಗೇ ಬಂದು ಇರಿ’ ಎಂದು ಚೀನಾದಿಂದ ಕರೆದರೆ, ಹೊರಡುವ ಮುಂಚೆ ಇದನ್ನು ಓದಿ

ಮೈಸೂರಿನಲ್ಲಿ ಯೋಗ ಹೇಳಿಕೊಡುವ ನನ್ನ ಸ್ನೇಹಿತರಿಗೆ, ಅದರಲ್ಲೂ ಗೋಕುಲಂ, ಲಕ್ಷ್ಮೀಪುರಂ ಕಡೆಯ ಚಿಕ್ಕ ವಯಸ್ಸಿನವರಿಗೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಹತ್ತಿರ ಕಲಿತು ಹೋದ ಚೀನೀ ವಿದ್ಯಾರ್ಥಿ ಯಾರಾದರೂ ‘ಟಿಕೆಟ್ ನಮ್ಮದು, ಊಟ ವಸತಿ ನಮ್ಮ ಮನೆಯಲ್ಲೇ, ಅತಿಥಿಯಾಗಿ ಬಂದು ಸ್ವಲ್ಪ ಹೇಳಿಕೊಡಿ’ ಎಂದು ಕರೆದಿದ್ದರೆ ದಯವಿಟ್ಟು ಪೂರ್ತಿ ಓದಿ. ಒಂದು ತಿಂಗಳಿಗೆಂದು ಹೋದ ನಾನು ಪೊಲೀಸ್ ಠಾಣೆಯಲ್ಲಿ ದಂಡ ಕಟ್ಟಿ ಹದಿಮೂರನೇ ದಿನಕ್ಕೆ ವಾಪಸ್ ಹೊರಟೆ.

ಕರೆದವರು ಅಪರಿಚಿತರಲ್ಲ. ಎರಡು ವರ್ಷದ ಹಿಂದೆ ಮೂರು ತಿಂಗಳು ದಿನಾ ಬೆಳಿಗ್ಗೆ ನನ್ನ ಹತ್ತಿರ ಅಭ್ಯಾಸ ಮಾಡಿದವರು. ನಮ್ಮ ಮನೆಗೆ ಬಂದು ಚಾಪೆ ಮೇಲೆ ಕೂತು ಬಿಸಿಬೇಳೆಬಾತ್ ತಿಂದಿದ್ದರು. ಅವರು, ಅವರ ಗಂಡ, ಗಂಡನ ತಾಯಿ ಮೂವರೂ ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿನಲ್ಲಿ ಇದ್ದಾರೆ. ಆಹ್ವಾನ ಪತ್ರ, ಅವರ ಗುರುತಿನ ಚೀಟಿಯ ಪ್ರತಿ ಎಲ್ಲವನ್ನೂ ಕಳಿಸಿದರು. ಜೊತೆಗೆ ಒಂದು ಮಾತು: ‘ಅರ್ಜಿಯಲ್ಲಿ ಯೋಗ ಹೇಳಿಕೊಡುವ ವಿಷಯ ಬರೆಯಬೇಡಿ, ಸ್ನೇಹಿತರನ್ನು ನೋಡಿ ಊರು ಸುತ್ತೋಕೆ ಬರ್ತೀನಿ ಅಂತ ಹಾಕಿ. ಎಲ್ಲರೂ ಹಾಗೇ ಮಾಡೋದು.’ ಮನೆಯವಳು ಅದನ್ನು ಓದಿ, ‘ಒಳ್ಳೆ ಕೆಲಸಕ್ಕೆ ಹೋಗೋರು ಯಾಕ್ರೀ ಮುಚ್ಚಿಡಬೇಕು?’ ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಉದ್ಯೋಗ ಎಂಬ ಜಾಗದಲ್ಲಿ ‘ಸ್ವಂತ ಉದ್ಯೋಗ’ ಎಂದು ಬರೆದು, ಪ್ರವಾಸಿಗರಿಗೆ ಕೊಡುವ ಎಲ್ ವೀಸಾ ತೆಗೆದುಕೊಂಡೆ. ತಪ್ಪು ಶುರುವಾದದ್ದು ಅಲ್ಲಿ, ಆ ತಪ್ಪು ನನ್ನದು.

ದಸರಾ ಮುಗಿದ ಮಾರನೇ ವಾರ ಹೊರಟೆ. ಟಿಕೆಟ್ ಅವರೇ ಮಾಡಿಸಿದ್ದರು, ಎಲ್ಲಕ್ಕಿಂತ ಅಗ್ಗದ್ದು. ಬೆಂಗಳೂರಿನಿಂದ ಕೌಲಾಲಂಪುರ, ಅಲ್ಲಿಂದ ಚೀನಾದ ಗ್ವಾಂಗ್‌ಝೌ, ಅಲ್ಲಿಂದ ದೇಶದೊಳಗಿನ ವಿಮಾನದಲ್ಲಿ ಚೆಂಗ್ಡು. ಒಂದೇ ಟಿಕೆಟ್ ಅಲ್ಲ, ಮೂರು ಬೇರೆ ಬೇರೆ. ಇದರ ಅರ್ಥ ಹೊರಡುವವರೆಗೂ ನನಗೆ ಗೊತ್ತಿರಲಿಲ್ಲ. ಬೇರೆ ಬೇರೆ ಟಿಕೆಟ್ ಆದರೆ ನಿಮ್ಮ ಪೆಟ್ಟಿಗೆ ಮುಂದಿನ ವಿಮಾನಕ್ಕೆ ತಾನಾಗಿ ಹೋಗುವುದಿಲ್ಲ. ಕೌಲಾಲಂಪುರದಲ್ಲಿ ಇಮಿಗ್ರೇಶನ್ ದಾಟಿ ಹೊರಗೆ ಬಂದು, ಪೆಟ್ಟಿಗೆ ಎತ್ತಿಕೊಂಡು, ರೈಲು ಹತ್ತಿ ಇನ್ನೊಂದು ಟರ್ಮಿನಲ್‌ಗೆ ಹೋಗಿ, ಮತ್ತೆ ಮೊದಲಿನಿಂದ ಚೆಕ್ ಇನ್. ಭಾರತೀಯರಿಗೆ ಮಲೇಷ್ಯಾ ಈಗ ವೀಸಾ ಇಲ್ಲದೆ ಒಳಗೆ ಬಿಡುತ್ತದೆ, ಅದೊಂದರಿಂದ ಬಚಾವಾದೆ. ಮೊದಲ ವಿಮಾನ ತಡವಾಗಿದ್ದರೆ ಎರಡನೆಯದರ ದುಡ್ಡು ಹೋದಂತೆಯೇ, ಯಾರೂ ಜವಾಬ್ದಾರರಲ್ಲ.

ಗ್ವಾಂಗ್‌ಝೌನಲ್ಲಿ ಇನ್ನೊಂದು ಪೆಟ್ಟು. ಒಳನಾಡಿನ ವಿಮಾನದ ತಪಾಸಣೆಯಲ್ಲಿ ನನ್ನ ಪವರ್ ಬ್ಯಾಂಕ್ ಎತ್ತಿ, ತಿರುಗಿಸಿ, ಹಿಂಭಾಗದ ಅಕ್ಷರಗಳನ್ನು ಬೆರಳಿನಿಂದ ಹುಡುಕಿ, ತಲೆ ಅಲ್ಲಾಡಿಸಿ ಡಬ್ಬಕ್ಕೆ ಹಾಕಿದರು. ಆ ಡಬ್ಬದಲ್ಲಿ ಆಗಲೇ ಹತ್ತಿಪ್ಪತ್ತು ಬಿದ್ದಿದ್ದವು. 2025ರ ಜೂನ್ 28ರಿಂದ ಚೀನಾದ ಒಳನಾಡಿನ ವಿಮಾನಗಳಲ್ಲಿ, ಆ ದೇಶದ ಸುರಕ್ಷತಾ ಪ್ರಮಾಣದ ‘ತ್ರೀ ಸಿ’ (CCC) ಗುರುತು ಇಲ್ಲದ ಪವರ್ ಬ್ಯಾಂಕ್ ಒಯ್ಯುವಂತಿಲ್ಲ. ನಮ್ಮಲ್ಲಿ ಕೊಂಡವುಗಳ ಮೇಲೆ ಆ ಗುರುತು ಹುಡುಕಿದರೂ ಸಿಗದಿರುವುದೇ ಹೆಚ್ಚು. ಫೋನಿನಲ್ಲಿ ಹನ್ನೊಂದು ಪರ್ಸೆಂಟ್ ಉಳಿದಿತ್ತು.

ಚೆಂಗ್ಡುವಿನಲ್ಲಿ ಇಳಿದಾಗ ಫೋನ್ ಸತ್ತಿತ್ತು. ಅಲ್ಲಿ ಅಂಗಡಿ ಅಂಗಡಿಯಲ್ಲೂ ಪವರ್ ಬ್ಯಾಂಕ್ ಬಾಡಿಗೆಗೆ ಸಿಗುತ್ತದೆ, ಆದರೆ ಅದನ್ನು ತೆಗೆಯಲು ಅಲ್ಲಿಯವರು ದುಡ್ಡು ಕಟ್ಟುವ ಆ್ಯಪ್‌ಗಳಾದ ಅಲಿಪೇ ಅಥವಾ ವೀಚಾಟ್ ಬೇಕು. ಇವೆರಡನ್ನೂ ಭಾರತ ಸರ್ಕಾರ 2020ರಲ್ಲೇ ನಿಷೇಧಿಸಿರುವುದರಿಂದ ಊರಲ್ಲಿದ್ದಾಗ ಹಾಕಿಕೊಂಡಿರಲಿಲ್ಲ, ಅಲ್ಲಿ ಹೋಗಿ ಹಾಕಿಕೊಂಡರಾಯಿತು ಎಂದಿದ್ದೆ. ನಮ್ಮ ಯುಪಿಐ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಚೆಂಗ್ಡುವಿಗೆ ಎರಡು ವಿಮಾನ ನಿಲ್ದಾಣಗಳಿವೆ ಎಂಬುದೂ ಗೊತ್ತಾದದ್ದು ಆಗಲೇ. ನನ್ನನ್ನು ಕರೆದವರು ಊರಿಗೆ ಹತ್ತಿರದ ಶುವಾಂಗ್ಲಿಯುನಲ್ಲಿ ಕಾಯುತ್ತಿದ್ದರು, ನಾನು ಇಳಿದದ್ದು ಊರಿನಿಂದ 50 ಕಿಲೋಮೀಟರ್ ಆಚೆಯ ತಿಯಾನ್‌ಫುನಲ್ಲಿ. ಕೊನೆಗೆ ನೂಡಲ್ಸ್ ಅಂಗಡಿಯ ಒಬ್ಬ ಹೆಂಗಸು ನನ್ನ ಮುಖ ನೋಡಿ, ಏನೂ ಕೇಳದೆ, ಗಲ್ಲಾಪೆಟ್ಟಿಗೆಯ ಹಿಂದಿನ ಚಾರ್ಜರ್ ವೈರನ್ನು ಈಚೆ ಎಳೆದು ಕೊಟ್ಟರು. ಒಂದು ಲೋಟ ಬಿಸಿನೀರೂ ಇಟ್ಟರು. ಮೈಸೂರಿನಲ್ಲಿ ಫ್ಲೈಬಸ್ ಹತ್ತಿ ಮೂವತ್ತು ಗಂಟೆ ದಾಟಿತ್ತು. ಆ ಬಿಸಿನೀರಿನ ಲೋಟ ನಾನು ಮರೆಯುವುದಿಲ್ಲ.

ಆ ಮನೆಯವರ ಬಗ್ಗೆ ಸುಳ್ಳು ಹೇಳಬಾರದು, ಅವರು ಚೆನ್ನಾಗಿಯೇ ನೋಡಿಕೊಂಡರು. ಅದರಲ್ಲೂ ಅಜ್ಜಿ. ಅಲ್ಲಿ ಅಜ್ಜಿಗೆ ‘ನೈನೈ’ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಸಿಚುವಾನ್‌ನಲ್ಲಿ ಸೊಪ್ಪಿನ ಪಲ್ಯಕ್ಕೂ ಹಂದಿ ಕೊಬ್ಬು ಹಾಕುವ ರೂಢಿ ಉಂಟು. ನಾನು ತಿನ್ನುವುದಿಲ್ಲ ಎಂದು ತಿಳಿದ ಮೇಲೆ ಅವರು ಹೊಸದೊಂದು ಬಾಣಲೆ ತಂದು, ಅದಕ್ಕೆ ಕೆಂಪು ದಾರ ಕಟ್ಟಿ ಬೇರೆ ಇಟ್ಟರು. ಅಲ್ಲಿಯ ಹುವಾಜಿಯಾವ್ ಕಾಳು ನಮ್ಮ ಕರಾವಳಿಯ ಜುಮ್ಮನಕಾಯಿಯ ಹಾಗೆಯೇ ನಾಲಿಗೆಯನ್ನು ಜುಮ್ಮೆನ್ನಿಸುತ್ತದೆ. ಅದನ್ನು ಹಾಕಿ ಹುರಿದ ಆಲೂಗಡ್ಡೆ ತಟ್ಟೆಗೆ ಬಡಿಸಿ ನಾನು ತಿನ್ನುವುದನ್ನೇ ನೋಡುತ್ತ ಕೂರುತ್ತಿದ್ದರು. ಪ್ರೀತಿ ಇದ್ದಲ್ಲಿ ಮೋಸ ಇರಲಾರದು ಎಂದು ನಾನು ನಂಬಿದ್ದೆ. ಅಜ್ಜಿಗೆ ಬಹುಶಃ ಏನೂ ಗೊತ್ತಿರಲಿಲ್ಲ.

ಮೂರನೇ ದಿನ ಎದ್ದಾಗ ಹಾಲ್‌ನ ಸೋಫಾ ಇರಲಿಲ್ಲ. ನೆಲದ ಮೇಲೆ ಎಂಟು ಮ್ಯಾಟ್. ಬೆಳಿಗ್ಗೆ ಏಳಕ್ಕೆ ಆರು ಜನ, ಸಂಜೆ ಎಂಟು ಜನ. ಆ ಇಡೀ ದೇಶಕ್ಕೆ ಬೀಜಿಂಗ್‌ನದು ಒಂದೇ ಗಡಿಯಾರ, ಚೆಂಗ್ಡು ಪಶ್ಚಿಮಕ್ಕಿರುವುದರಿಂದ ಅಕ್ಟೋಬರ್‌ನಲ್ಲಿ ಏಳಾದರೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ಬಂದವರು ಚಪ್ಪಲಿ ಬಿಟ್ಟು, ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದ್ದ ಕ್ಯುಆರ್ ಕೋಡಿಗೆ ಫೋನ್ ತೋರಿಸಿ ಒಳಗೆ ಬರುತ್ತಿದ್ದರು. ದುಡ್ಡು ಹೋಗುತ್ತಿದ್ದದ್ದು ಮನೆಯವರ ಖಾತೆಗೆ. ನನ್ನ ಪಾಲಿನ ಮಾತೆತ್ತಿದರೆ, ‘ನೀವು ಹೊರಡುವ ದಿನ ಒಟ್ಟಿಗೆ ಲೆಕ್ಕ ಮಾಡೋಣ’ ಎಂದರು.

ಇಷ್ಟರ ನಡುವೆ ಒಂದು ಕೆಲಸ ಆಗಿರಲಿಲ್ಲ. ಅದು ಆಗಬೇಕು ಎಂಬುದು ನನಗೂ ಗೊತ್ತಿರಲಿಲ್ಲ. ಚೀನಾದಲ್ಲಿ ಹೋಟೆಲಿನಲ್ಲಿ ಇಳಿದರೆ ನಿಮ್ಮ ಪಾಸ್‌ಪೋರ್ಟ್ ವಿವರವನ್ನು ಹೋಟೆಲಿನವರೇ ಪೊಲೀಸರಿಗೆ ಕಳಿಸುತ್ತಾರೆ. ಯಾರದಾದರೂ ಮನೆಯಲ್ಲಿ ಉಳಿದರೆ, ಬಂದ 24 ಗಂಟೆಯೊಳಗೆ ನೀವು ಅಥವಾ ಮನೆಯವರು ಆ ಬಡಾವಣೆಯ ಠಾಣೆಯಲ್ಲಿ ನೋಂದಣಿ ಮಾಡಿಸಬೇಕು. ಠಾಣೆಗೆ ‘ಪೈಚುಸುವೊ’ ಅನ್ನುತ್ತಾರೆ. 2013ರ ಜುಲೈ 1ರಿಂದ ಜಾರಿಯಲ್ಲಿರುವ ಅಲ್ಲಿನ ಪ್ರವೇಶ–ನಿರ್ಗಮನ ಕಾನೂನಿನ 39ನೇ ಕಲಮು ಇದು. ನೆಂಟರ ಮನೆಯಾದರೂ, ಮಗನ ಮನೆಯಾದರೂ ಇದೇ ನಿಯಮ. ಮಾಡಿಸದಿದ್ದರೆ ಎಚ್ಚರಿಕೆ ಕೊಡುತ್ತಾರೆ, 2,000 ಯುವಾನ್‌ವರೆಗೆ ದಂಡವನ್ನೂ ಹಾಕಬಹುದು. ಸಾಮಾನ್ಯವಾಗಿ ಪಾಸ್‌ಪೋರ್ಟ್, ಮನೆಯವರ ಗುರುತಿನ ಚೀಟಿ, ಮನೆಯ ಹಕ್ಕುಪತ್ರ ಅಥವಾ ಬಾಡಿಗೆ ಕರಾರು ಕೇಳುತ್ತಾರೆ. ನಾನಿದ್ದದ್ದು ಬಾಡಿಗೆ ಮನೆ. ಠಾಣೆಗೆ ಹೋದರೆ ಮಾಲೀಕರಿಗೆ ಕ್ಲಾಸಿನ ವಿಷಯ ತಿಳಿಯುತ್ತದೆ ಎಂದು ಇವರು ಹೋಗಿರಲಿಲ್ಲ. ಅದು ನನಗೆ ಆಮೇಲೆ ಗೊತ್ತಾಯಿತು.

ಅಕ್ಟೋಬರ್ 20, ಸೋಮವಾರ. ನಮ್ಮಲ್ಲಿ ನರಕ ಚತುರ್ದಶಿ. ಅಲ್ಲಿ ಏಳು ಗಂಟೆಯಾದರೆ ಮೈಸೂರಿನಲ್ಲಿ ನಾಲ್ಕೂವರೆ. ಅಮ್ಮ ಎದ್ದು ಹಂಡೆಗೆ ಉರಿ ಹಾಕಿರುತ್ತಾಳೆ ಎಂದುಕೊಳ್ಳುತ್ತ ಸೂರ್ಯ ನಮಸ್ಕಾರದ ಎಣಿಕೆ ಹೇಳುತ್ತಿದ್ದೆ. ಬಾಗಿಲು ತಟ್ಟಿದರು. ಇಬ್ಬರು ಪೊಲೀಸರು, ಬಡಾವಣೆಯ ಸಮಿತಿಯ ಒಬ್ಬ ಹೆಂಗಸು. ಕೆಳಗಿನ ಮನೆಯವರು ದಿನಾ ಬೆಳಿಗ್ಗೆ ಶಬ್ದ ಎಂದು ದೂರು ಕೊಟ್ಟಿದ್ದರು. ಅವರು ಗೋಡೆಯ ಮೇಲಿನ ಕ್ಯುಆರ್ ಕೋಡಿನ ಫೋಟೋ ತೆಗೆದುಕೊಂಡರು, ಮ್ಯಾಟ್‌ಗಳದ್ದು, ನನ್ನದು. ಒಬ್ಬರು ಫೋನಿಗೆ ಏನೋ ಹೇಳಿ ನನ್ನ ಮುಂದೆ ಹಿಡಿದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ‘ನಿಮ್ಮ ನೋಂದಣಿ ಚೀಟಿ ಎಲ್ಲಿ?’ ಎಂದಿತ್ತು.

ಠಾಣೆಯಲ್ಲಿ ಆರು ಗಂಟೆ ಕೂರಿಸಿದರು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ಊಟಕ್ಕೂ ತಂದುಕೊಟ್ಟರು. ಆದರೆ ನಾನು ಹೇಳಿದ ಯಾವ ಮಾತೂ ನಿಲ್ಲಲಿಲ್ಲ. ‘ನನಗೆ ಒಂದು ಯುವಾನ್ ಕೂಡ ಬಂದಿಲ್ಲ’ ಎಂದೆ. ಫೋನಿನಲ್ಲಿದ್ದ ದುಭಾಷಿ ತಿರುಗಿಸಿ ಹೇಳಿದ ಉತ್ತರ: ‘ಟಿಕೆಟ್, ಊಟ, ವಸತಿ ಬಂದಿದೆಯಲ್ಲ?’ ಕೆಲಸದ ಪರವಾನಗಿ ಮತ್ತು ಕೆಲಸಕ್ಕೆಂದೇ ಕೊಡುವ ವಾಸದ ಪರವಾನಗಿ ಎರಡೂ ಇಲ್ಲದೆ ದುಡಿದರೆ ಅದೇ ಕಾನೂನಿನ 80ನೇ ಕಲಮಿನಂತೆ 5,000ದಿಂದ 20,000 ಯುವಾನ್ ದಂಡ. ಪ್ರಕರಣ ಗಂಭೀರ ಅನ್ನಿಸಿದರೆ ಅದರ ಜೊತೆ 5ರಿಂದ 15 ದಿನ ಬಂಧನ. ನನಗೆ ಕನಿಷ್ಠ ದಂಡ ಹಾಕಿ, ಮೂರು ದಿನದೊಳಗೆ ದೇಶ ಬಿಡಿ ಎಂದರು. ಐದು ಸಾವಿರ ಯುವಾನ್ ಅಂದರೆ ನಮ್ಮ ಅರವತ್ತು ಸಾವಿರ ರೂಪಾಯಿಗೂ ಮೇಲೆ. ಕೆಲಸಕ್ಕೆ ಇಟ್ಟುಕೊಂಡವರಿಗೆ, ಹಾಗೆ ಇಟ್ಟುಕೊಂಡ ಒಬ್ಬೊಬ್ಬ ವಿದೇಶಿಯ ಲೆಕ್ಕಕ್ಕೆ 10,000 ಯುವಾನ್ ದಂಡ. ಹೇಳಿಕೆ ಚೀನೀ ಭಾಷೆಯಲ್ಲಿತ್ತು. ಸಹಿ ಮಾಡುವ ಮುಂಚೆ ಸಾಲು ಸಾಲಾಗಿ ಓದಿ ಹೇಳಿಸಿಕೊಂಡೆ, ನಾನು ಹೇಳದ ಒಂದು ಸಾಲನ್ನು ತಿದ್ದಿಸಿದೆ. ಯಾರಿಗಾದರೂ ಆ ಗತಿ ಬಂದರೆ ನೀವೂ ಹಾಗೇ ಮಾಡಿ, ಅವರು ಅವಸರ ಮಾಡಿದರೂ ಬಿಡಬೇಡಿ.

ದಂಡ ಕಟ್ಟುವುದೂ ಸುಲಭವಾಗಲಿಲ್ಲ. ನಮ್ಮ ಕಾರ್ಡುಗಳಲ್ಲಿ ವಿದೇಶದ ವಹಿವಾಟನ್ನು ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ಚಾಲೂ ಮಾಡಬೇಕು, ಅದನ್ನು ನಾನು ಮಾಡಿರಲಿಲ್ಲ. ಓಟಿಪಿ ಬರಲು ರೋಮಿಂಗ್ ಬೇಕು, ಪ್ಯಾಕ್ ಹಿಂದಿನ ದಿನವೇ ಮುಗಿದಿತ್ತು. ಠಾಣೆಯ ವೈಫೈನಲ್ಲಿ ವಾಟ್ಸಾಪ್ ತೆರೆಯುವುದಿಲ್ಲ, ಜಿಮೇಲ್ ತೆರೆಯುವುದಿಲ್ಲ. ಮನೆಯವಳು ಮೈಸೂರಿನಿಂದ ರೀಚಾರ್ಜ್ ಮಾಡಿಸುವಷ್ಟರಲ್ಲಿ ಸಂಜೆಯಾಯಿತು. ಅವಳು ಹಬ್ಬದ ಅಡುಗೆ ಮುಟ್ಟಿರಲಿಲ್ಲವಂತೆ.

ವಾಪಸ್ ಟಿಕೆಟ್ ಬದಲಾಯಿಸಿದ ದುಡ್ಡೂ ನನ್ನದೇ. ನನ್ನಿಂದ ಕಲಿತವರು ಆ ಮೂರು ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ. ಗಂಡ ಮಾತ್ರ, ‘ನಿಮ್ಮಿಂದ ನಮಗೆ ಎಷ್ಟು ನಷ್ಟವಾಯಿತು ಗೊತ್ತಾ’ ಎಂದರು. ಹೊರಡುವ ದಿನ ಅಜ್ಜಿ ಲಿಫ್ಟಿನವರೆಗೆ ಬಂದು ಒಂದು ಚೀಲ ಕಿತ್ತಳೆ ಕೈಗೆ ಕೊಟ್ಟರು. ನನಗೆ ಅವರ ಭಾಷೆ ಬರುವುದಿಲ್ಲ, ಅವರಿಗೆ ನನ್ನದು. ಇಬ್ಬರೂ ಕಣ್ಣೊರೆಸಿಕೊಂಡೆವು.

ಈಗ ಮುಖ್ಯವಾದದ್ದು. ಅಲ್ಲಿ ಹೋಗಿ ಯೋಗ ಹೇಳಿಕೊಟ್ಟು ಮರ್ಯಾದೆಯಿಂದ ದುಡಿಯುತ್ತಿರುವ ನಮ್ಮವರು ಇದ್ದಾರೆ, ಅವರೆಲ್ಲ ಕಾಗದ ಸರಿ ಮಾಡಿಕೊಂಡು ಹೋದವರು. ಅದಕ್ಕೆ ಬೇಕಾದದ್ದು ಝಡ್ ವೀಸಾ. ನಿಮ್ಮನ್ನು ಕರೆಯುವ ಸಂಸ್ಥೆ ಮೊದಲು ಅಲ್ಲಿನ ಸರ್ಕಾರದಿಂದ ಕೆಲಸದ ಪರವಾನಗಿಯ ನೋಟಿಫಿಕೇಶನ್ ಪತ್ರ ತೆಗೆಸಿ ಕಳಿಸಬೇಕು. ಆ ಪತ್ರ ಕೈಗೆ ಬಂದ ಮೇಲೆ ಇಲ್ಲಿ ವೀಸಾ ಅರ್ಜಿ, ಅಲ್ಲಿ ಇಳಿದ ಮೇಲೆ 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ. ‘ಈಗ ಟೂರಿಸ್ಟ್ ವೀಸಾದಲ್ಲಿ ಬನ್ನಿ, ಬಂದ ಮೇಲೆ ಬದಲಾಯಿಸೋಣ’ ಅನ್ನುವವರನ್ನು ನಂಬಬೇಡಿ. ‘ದುಡ್ಡು ಕೊಡೋದಿಲ್ಲ, ಅದಕ್ಕೇ ಅದು ಕೆಲಸ ಅಲ್ಲ’ ಅನ್ನುವವರನ್ನೂ ನಂಬಬೇಡಿ. ಇನ್ನೊಂದು ವಿಷಯ ನಮ್ಮವರಲ್ಲಿ ಯಾರಿಗೂ ತಿಳಿದಂತಿಲ್ಲ: ಸಂಸ್ಥೆಯಲ್ಲದ ಒಬ್ಬ ವ್ಯಕ್ತಿ ವಿದೇಶಿಯರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನೇ ಅಲ್ಲಿನ 1996ರ ನಿಯಮ ನಿಷೇಧಿಸಿದೆ. ಅಂದಮೇಲೆ ಮನೆಯಲ್ಲಿರಿಸಿಕೊಂಡು ಪಾಠ ಹೇಳಿಸುತ್ತೇವೆ ಅನ್ನುವ ಕುಟುಂಬ ಎಷ್ಟೇ ಒಳ್ಳೆಯದಿದ್ದರೂ ನಿಮಗೆ ಪರವಾನಗಿ ಕೊಡಿಸಲಾರದು.

ಬರೀ ನೋಡಲು, ಇದ್ದು ಬರಲು ಹೋಗುವವರು ಧೈರ್ಯವಾಗಿ ಹೋಗಿ. ಆದರೆ ಮನೆ ಸ್ವಂತದ್ದೋ ಬಾಡಿಗೆಯದ್ದೋ, ನೋಂದಣಿಗೆ ಠಾಣೆಗೆ ಯಾರು ಬರುತ್ತಾರೆ ಎಂದು ಇಲ್ಲಿಂದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮನೆ ತಲುಪಿದ ಮಾರನೇ ಬೆಳಿಗ್ಗೆ ತಿಂಡಿಗಿಂತ ಮುಂಚೆ ಠಾಣೆಗೆ ಹೋಗಿ. ವಿಳಾಸವನ್ನು ಚೀನೀ ಲಿಪಿಯಲ್ಲಿ ಕಾಗದದ ಮೇಲೆ ಬರೆಸಿಕೊಂಡು ಜೇಬಿನಲ್ಲಿಡಿ, ಸ್ವಲ್ಪ ಯುವಾನ್ ನೋಟುಗಳನ್ನೂ. ಸಿಚುವಾನ್ ಕಡೆ ಹೋಗುವವರು ಗ್ವಾಂಗ್‌ಝೌನಲ್ಲಿರುವ ನಮ್ಮ ದೂತಾವಾಸ ಕಚೇರಿಯ ನಂಬರನ್ನು ಫೋನಿನಲ್ಲಿ ಅಲ್ಲ, ಅದೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಕಳೆದ ವಾರ ನನ್ನ ಹತ್ತಿರವೇ ಕಲಿತ ಇಪ್ಪತ್ತನಾಲ್ಕರ ಹುಡುಗನೊಬ್ಬ ಬಂದು, ‘ಸರ್, ಒಂದು ಮನೆಯವರು ಕರೀತಿದ್ದಾರೆ, ತುಂಬ ಒಳ್ಳೆಯವರು’ ಎಂದ. ಬೇರೆ ಊರು, ಬೇರೆ ಕುಟುಂಬ, ಮಾತು ಮಾತ್ರ ಅದೇ. ಅವನ ಪಾಸ್‌ಪೋರ್ಟ್ ವೀಸಾಕ್ಕೆಂದು ಇನ್ನೂ ಮುಂಬಯಿಗೆ ಹೋಗಿರಲಿಲ್ಲ. ನೋಟಿಫಿಕೇಶನ್ ಪತ್ರ ಕಳಿಸಲು ಹೇಳು ಎಂದೆ, ಕೇಳಿದ್ದಾನೆ, ಉತ್ತರಕ್ಕೆ ಕಾಯುತ್ತಿದ್ದಾನೆ. ನಿಮಗೂ ಅಂಥ ಕಾಗದ ಏನಾದರೂ ಬಂದಿದ್ದರೆ ತಂದು ತೋರಿಸಿ. ಸಂಜೆ ಏಳರ ಮೇಲೆ ಮನೆಯಲ್ಲೇ ಇರುತ್ತೇನೆ, ಕೂತು ಒಟ್ಟಿಗೆ ಓದೋಣ.