ಸ್ವೀಟ್ ಪೀಗೆ ಆಳದ ಸಸಿ ಟ್ರೇ: ಹಲವು ಸೀಸನ್ ಬಳಸಿದ ಮೇಲೆ ಅನಿಸಿದ್ದು

ಟೊಮೆಟೊ, ಮೆಣಸಿನಕಾಯಿ ಸಸಿ ಮಾಡುವವರು ಇದನ್ನು ಓದಬೇಕಾಗಿಲ್ಲ, ಅವಕ್ಕೆ ಮಾಮೂಲಿ ಟ್ರೇ ಸಾಕು. ಸ್ವೀಟ್ ಪೀಯನ್ನು, ಅಂದರೆ ಪರಿಮಳದ ಹೂವಿನ ಆ ಬಳ್ಳಿಯನ್ನು, ಬೀಜದಿಂದ ಬೆಳೆಸುವವರಿಗೆ ಮಾತ್ರ ಈ ವಿಮರ್ಶೆ. ಪುಸ್ತಕದ ಹಾಗೆ ಎರಡು ಹೋಳಾಗಿ ತೆರೆದುಕೊಳ್ಳುವ, ಸುಮಾರು 12 ಸೆಂ.ಮೀ. ಆಳದ ಕಿರಿದಾದ ಕುಳಿಗಳ ಪ್ಲಾಸ್ಟಿಕ್ ಟ್ರೇ ಇದು. ಹಲವು ಸೀಸನ್‌ಗಳಿಂದ ಇದನ್ನೇ ಬಳಸುತ್ತಿದ್ದೇನೆ. ಕೊಟ್ಟ ದುಡ್ಡು ವಸೂಲಾಗುವುದು ಬೀಜ ಹಾಕುವ ದಿನ ಅಲ್ಲ, ಸಸಿಯನ್ನು ನೆಲಕ್ಕೆ ಇಳಿಸುವ ದಿನ.

ಯಾಕೆ ಅಂದರೆ ಸ್ವೀಟ್ ಪೀ ಅವರೆ, ಬಟಾಣಿ ಜಾತಿಯ ಗಿಡ. ಮೇಲೆ ಎರಡು ಎಲೆ ಕಾಣುವಷ್ಟರಲ್ಲಿ ಕೆಳಗೆ ಬೇರು ಉದ್ದಕ್ಕೆ ಇಳಿದಿರುತ್ತದೆ. ಚಿಕ್ಕ ಕುಳಿಯಲ್ಲಿ ಅದು ತಳ ಮುಟ್ಟಿ ಸುತ್ತಿಕೊಳ್ಳಲು ಶುರು ಮಾಡುತ್ತದೆ. ಆಮೇಲೆ ಸಸಿಯನ್ನು ಎಳೆದು ತೆಗೆದರೆ ಬೇರು ಹರಿಯುತ್ತದೆ, ಗಿಡ ಮಂಕಾಗಿ ಕುಳಿತುಬಿಡುತ್ತದೆ. ಈ ಟ್ರೇಯ ಕುಳಿಗಳ ಒಳಗೋಡೆಯಲ್ಲಿ ಉದ್ದುದ್ದ ಗೀರುಗಳಿವೆ, ಬೇರು ಸುತ್ತದೆ ನೇರ ಕೆಳಗೆ ಹೋಗುತ್ತದೆ. ತಳದ ತೂತಿನಲ್ಲಿ ಗಾಳಿ ತಾಗಿದಾಗ ಬೇರಿನ ತುದಿ ಒಣಗಿ, ಪಕ್ಕದಿಂದ ಹೊಸ ಬೇರುಗಳು ಒಡೆಯುತ್ತವೆ. ಆದರೆ ಇದೆಲ್ಲ ಆಗುವುದು ಟ್ರೇಯ ಕೆಳಗೆ ಗಾಳಿ ಆಡಿದರೆ ಮಾತ್ರ. ಡಬ್ಬದ ಮೇಲಿನ ವಿವರಣೆಯಲ್ಲಿ ಇದರ ಸುದ್ದಿಯೇ ಇಲ್ಲ, ಅದೇ ನನಗೆ ಸಿಟ್ಟು. ಟ್ರೇಯನ್ನು ನೆಲದ ಮೇಲೋ ಒದ್ದೆ ತಟ್ಟೆಯಲ್ಲೋ ಇಟ್ಟುಬಿಟ್ಟರೆ ಬೇರು ಹೊರಗೆ ಬಂದು ಅಲ್ಲೇ ಹರಡಿಕೊಳ್ಳುತ್ತದೆ, ಆಗ ದುಬಾರಿ ಟ್ರೇಗೂ ಅಗ್ಗದ ಟ್ರೇಗೂ ವ್ಯತ್ಯಾಸವೇ ಇರುವುದಿಲ್ಲ. ಎರಡು ಪಟ್ಟಿಗಳ ಮೇಲೆ ಎತ್ತರಿಸಿ ಇಡಿ.

ಮೊಳಕೆ ವಿಷಯದಲ್ಲಿ ಟ್ರೇಗೆ ಯಾವ ಪಾತ್ರವೂ ಇಲ್ಲ. ಬೀಜ ಒಂದರಿಂದ ಒಂದೂವರೆ ಸೆಂ.ಮೀ. ಆಳಕ್ಕೆ ಹೋಗಬೇಕು, 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪು ಇದ್ದರೆ ಒಂದರಿಂದ ಮೂರು ವಾರದಲ್ಲಿ ತಲೆ ಎತ್ತುತ್ತದೆ. ರಾತ್ರಿಯಿಡೀ ನೆನೆಸಬೇಕಾ ಬೇಡವಾ ಅನ್ನುವ ಜಗಳ ಮುಗಿಯುವಂಥದ್ದಲ್ಲ. ಹೊಸ ಬೀಜಕ್ಕೆ ಬೇಕಿಲ್ಲ ಅನ್ನುವುದು ನನ್ನ ಅನುಭವ. ತೀರಾ ಗಟ್ಟಿ ಸಿಪ್ಪೆಯ ಬೀಜ ಆದರೆ ಬೀಜದ ಕಣ್ಣಿನ (ಕಾಯಿಗೆ ಅಂಟಿದ್ದ ಗುರುತಿನ) ಎದುರು ಬದಿಯಲ್ಲಿ ಚಾಕುವಿನಿಂದ ಸ್ವಲ್ಪ ಗೀರಿದರೆ ನೀರು ಹೀರುತ್ತದೆ. ಒಂದು ಎಚ್ಚರಿಕೆ: ನೋಡಲು ಬಟಾಣಿಯಂತಿದ್ದರೂ ಈ ಬೀಜ ವಿಷ, ತಿನ್ನುವಂಥದ್ದಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಪೊಟ್ಟಣ ಎಲ್ಲೆಂದರಲ್ಲಿ ಬಿಡಬೇಡಿ.

ಟ್ರೇ ಜೊತೆ ಒಂದು ಪಾರದರ್ಶಕ ಮುಚ್ಚಳ ಬರುತ್ತದೆ. ತೇವ ಹಿಡಿಯುತ್ತದೆ ಅಂತ ಬರೆದಿದ್ದಾರೆ, ನನಗೆ ಅದು ಇಲಿ ಕಾವಲಿಗೆ ಉಪಯೋಗವಾಯಿತು! ಇಲಿಗೆ ಈ ಬೀಜ ಅಂದರೆ ಪ್ರಾಣ, ಒಂದೇ ರಾತ್ರಿಯಲ್ಲಿ ಸಾಲು ಸಾಲಾಗಿ ಕೆದಕಿ ಹಾಕುತ್ತದೆ. ಮೊಳಕೆ ಬಂದ ಕೂಡಲೇ ಮಾತ್ರ ಮುಚ್ಚಳ ತೆಗೆದುಬಿಡಿ, ಇಲ್ಲದಿದ್ದರೆ ಸಸಿ ಸೊರಗಿ ಉದ್ದವಾಗುತ್ತದೆ, ಬುಡ ಕೊಳೆಯುತ್ತದೆ. ಆಮೇಲೆ ಬೇಕಾದದ್ದು ಒಳ್ಳೆಯ ಬೆಳಕು ಮತ್ತು ತಂಪು, ಬಿಸಿ ಕೋಣೆ ಅಲ್ಲ. ಎರಡು ಮೂರು ಜೊತೆ ಎಲೆ ಬಂದಾಗ ಕುಡಿ ಚಿವುಟಿ. ಮನಸ್ಸು ಬರುವುದಿಲ್ಲ, ಆದರೂ ಚಿವುಟಿ, ಬುಡದಿಂದ ಕವಲು ಒಡೆಯುತ್ತದೆ.

ನೆಡುವ ದಿನದ ಸುಖವೇ ಬೇರೆ. ಅದಕ್ಕೂ ಮುಂಚೆ ವಾರ ಹತ್ತು ದಿನ ಸಸಿಗಳನ್ನು ಹಗಲು ಹೊರಗಿಟ್ಟು ಬಿಸಿಲು ಗಾಳಿಗೆ ಒಗ್ಗಿಸಿರಬೇಕು. ಹಿಂದಿನ ರಾತ್ರಿ ನೀರು ಹಾಕಿ, ಬೆಳಿಗ್ಗೆ ಟ್ರೇ ತೆರೆದರೆ ಸಸಿ ಬೇರು ಮಣ್ಣಿನ ಸಮೇತ ಇಡಿಯಾಗಿ ಕೈಗೆ ಬರುತ್ತದೆ. ಎಳೆಯುವುದಿಲ್ಲ, ತಟ್ಟುವುದಿಲ್ಲ, ಒಂದು ಬೇರೂ ಹರಿಯುವುದಿಲ್ಲ. ಸಾಕಷ್ಟು ಕೊಟ್ಟಿಗೆ ಗೊಬ್ಬರ ಹಾಕಿ ಆಳಕ್ಕೆ ಸಡಿಲ ಮಾಡಿದ ಮಣ್ಣಿನಲ್ಲಿ 20ರಿಂದ 25 ಸೆಂ.ಮೀ. ಅಂತರದಲ್ಲಿ ನೆಡುತ್ತೇನೆ. ಮಾಮೂಲಿ ಟ್ರೇಯ ಸಸಿಗಳ ಪಕ್ಕದಲ್ಲಿ ನೆಟ್ಟು ನೋಡಿದ್ದೇನೆ, ಇವು ಬಾಡದೆ ಸೀದಾ ಬೆಳೆಯಲು ಶುರು ಮಾಡುತ್ತವೆ, ಅವು ಸ್ವಲ್ಪ ದಿನ ಯೋಚನೆ ಮಾಡುತ್ತವೆ. ಆಸರೆ ಎರಡು ಮೀಟರ್‌ನಷ್ಟು ಎತ್ತರ ಇರಲಿ. ಬರೀ ದಪ್ಪ ಕೋಲು ನಿಲ್ಲಿಸಿದರೆ ಆಗದು, ಇದರ ಬಳ್ಳಿಯ ಎಳೆಗಳು ಸಣ್ಣ, ದಪ್ಪದ್ದನ್ನು ಸುತ್ತಿ ಹಿಡಿಯಲಾರವು. ಬಲೆ, ದಾರ ಅಥವಾ ಸಣ್ಣ ಕಡ್ಡಿ ಬೇಕು.

ಈಗ ದೂರುಗಳು. ಕುಳಿ ಕಿರಿದಾದ್ದರಿಂದ ಬಹಳ ಬೇಗ ಒಣಗುತ್ತದೆ, ಬಿಸಿಲು ಜಾಸ್ತಿ ಇದ್ದ ದಿನ ಎರಡು ಸಲ ನೋಡಬೇಕು. ಮಡಚುವ ಜಾಗದ ತೆಳು ಪ್ಲಾಸ್ಟಿಕ್ ಬಿಸಿಲಿಗೆ ಪೆಡಸಾಗಿ ಸೀಳುತ್ತದೆ, ನನ್ನ ಸೆಟ್ಟಿನಲ್ಲಿ ಕೆಲವು ಈಗಾಗಲೇ ಹೋಗಿವೆ. ಹೊರಗಿನ ಚೌಕಟ್ಟು ಮುರಿದರಂತೂ ಒಳಗಿನ ಕುಳಿಗಳು ನಿಲ್ಲುವುದೇ ಇಲ್ಲ, ಉರುಳುತ್ತವೆ. ತೊಳೆಯುವುದು ಸುಲಭ ಅಂತ ಹೇಳುತ್ತಾರಲ್ಲ, ಆ ಗೀರುಗಳಲ್ಲಿ ಮಣ್ಣು ಅಂಟಿಕೊಂಡಾಗ ಬ್ರಷ್ ಇಲ್ಲದೆ ಆಗುವುದಿಲ್ಲ. ಟಿಶ್ಯೂ ಸುರುಳಿಯ ಒಳಗಿನ ರಟ್ಟಿನ ಕೊಳವೆಗಳಲ್ಲೂ ಸಸಿ ಮಾಡಬಹುದು, ಪುಕ್ಕಟೆ. ಅವು ಒದ್ದೆಯಾಗಿ ಬೂಸ್ಟು ಹಿಡಿದು ಕುಸಿಯುತ್ತವೆ ಅನ್ನುವುದಷ್ಟೇ ತೊಂದರೆ. ಹತ್ತು ಗಿಡ ಸಾಕು ಅನ್ನುವವರಿಗೆ ನಾನು ಅದನ್ನೇ ಹೇಳುವುದು.

ಕುಳಿ ಲೆಕ್ಕಕ್ಕೆ ಸಿಗುವಷ್ಟೇ ಇರುವುದರಿಂದ ಯಾವ ತಳಿ ಹಾಕಬೇಕು ಅನ್ನುವ ಲೆಕ್ಕಾಚಾರ ಶುರುವಾಗುತ್ತದೆ. ಸಿಸಿಲಿಯ ಪಾದ್ರಿ ಫ್ರಾಂಚೆಸ್ಕೊ ಕುಪಾನಿ 1699ರಲ್ಲಿ ಇಂಗ್ಲೆಂಡಿಗೆ ಬೀಜ ಕಳಿಸಿದ್ದು ಕಾಡು ಗಿಡಕ್ಕೆ ಹತ್ತಿರದ ಎರಡು ಬಣ್ಣದ ಚಿಕ್ಕ ಹೂವಿನದು. ಅವರ ಹೆಸರಿನಲ್ಲೇ 'ಕುಪಾನಿ' ಅಂತ ಈಗಲೂ ಸಿಗುತ್ತದೆ, ಹೂವು ಚಿಕ್ಕದು, ಪರಿಮಳ ಮಾತ್ರ ಕೋಣೆ ತುಂಬುವಷ್ಟು. ಅಲೆ ಅಲೆ ದಳದ ದೊಡ್ಡ ಹೂವಿನ ಸ್ಪೆನ್ಸರ್ ತಳಿಗಳು ಬಂದಿದ್ದು 20ನೇ ಶತಮಾನದ ಶುರುವಿನಲ್ಲಿ. ಹೂದಾನಿಗೆ ಚಂದ, ಆದರೆ ಕೆಲವಕ್ಕೆ ಪರಿಮಳ ಕಡಿಮೆ. ನಾನು ಮುಕ್ಕಾಲು ಟ್ರೇ ಪರಿಮಳದವಕ್ಕೇ ಕೊಡುತ್ತೇನೆ. ವಾಸನೆ ಇಲ್ಲದ ಸ್ವೀಟ್ ಪೀ ಯಾಕೆ ಬೇಕು, ಅಲ್ವಾ?

ಟ್ರೇ ಇಷ್ಟು ಮಾಡಿದ ಮೇಲೂ ಹೂವು ಬರಲಿಲ್ಲ ಅಂತ ಒಂದು ಸ್ಟಾರ್ ಕೊಟ್ಟವರನ್ನು ನೋಡಿದೆ. ಪಾಪ, ಅದು ಟ್ರೇ ತಪ್ಪಲ್ಲ. ಸಾರಜನಕ ಜಾಸ್ತಿ ಸುರಿದರೆ ಬರೀ ಸೊಪ್ಪು. ನೀರು ಏರುಪೇರಾದರೆ, ರಾತ್ರಿ ತೀರಾ ಚಳಿಯಾದರೆ ಮೊಗ್ಗು ಉದುರುತ್ತದೆ. ಸೆಕೆ ಏರಿತೋ ಗಿಡ ಅಲ್ಲಿಗೆ ಕೈಬಿಡುತ್ತದೆ. ಅದಕ್ಕೇ ಚಳಿಗಾಲ ಹಿತವಾಗಿರುವ ಕಡೆ ಅದರ ಶುರುವಿನಲ್ಲೇ ಬಿತ್ತುತ್ತಾರೆ, ಹೆಪ್ಪುಗಟ್ಟುವ ಚಳಿಯಿರುವ ಕಡೆ ವಸಂತಕ್ಕೆ ಸ್ವಲ್ಪ ಮುಂಚೆ ಒಳಗೆ ಬಿತ್ತುತ್ತಾರೆ. ಎಲ್ಲಕ್ಕಿಂತ ಮುಖ್ಯ, ಎರಡು ದಿನಕ್ಕೊಮ್ಮೆಯಾದರೂ ಹೂವು ಕೊಯ್ಯುತ್ತಿರಬೇಕು. ಕಾಯಿ ಕಟ್ಟಲು ಬಿಟ್ಟರೆ ಗಿಡ ತನ್ನ ಕೆಲಸ ಮುಗಿಯಿತು ಅಂದುಕೊಳ್ಳುತ್ತದೆ.

ಐದಕ್ಕೆ ನಾಲ್ಕು. ಒಂದು ಹೋಗಿದ್ದು ಆ ತೆಳು ಮಡಿಕೆಗೆ. ಸೀಸನ್ ಕೊನೆಯಲ್ಲಿ ಒಂದೆರಡು ಬಳ್ಳಿಯಲ್ಲಿ ಕಾಯಿ ಬಿಡುತ್ತೇನೆ. ಈ ಹೂವು ಅರಳುವ ಮುಂಚೆಯೇ ತನ್ನೊಳಗೇ ಪರಾಗ ಸೇರಿಸಿಕೊಳ್ಳುವುದರಿಂದ ಬೀಜ ಹೆಚ್ಚುಕಡಿಮೆ ಅದೇ ತಳಿಯಾಗಿ ಬರುತ್ತದೆ. ಹೀಗಾಗಿ ಪ್ರತಿ ಸಲ ಹೊಸದಾಗಿ ಕೊಳ್ಳುವುದು ಸಸಿ ಮಣ್ಣು ಮತ್ತು ಒಡೆದುಹೋದ ಕುಳಿಗಳಿಗೆ ಬದಲಿ, ಅಷ್ಟೇ.